ಕಾರಿನ ಸಿಂಥೆಟಿಕ್ ಎಂಜಿನ್ ಆಯಿಲ್ ಯಾವಾಗ ಬದಲಿಸಬೇಕು? ಕಿಲೋಮೀಟರ್ ಜೊತೆಗೆ ಗಂಟೆಯನ್ನೂ ಎಣಿಸಿ

ಹೋದ ದೀಪಾವಳಿಗೆ ತೀರ್ಥಹಳ್ಳಿಯ ಮಾವನ ಮನೆಯಲ್ಲಿ ಸೇರಿದ್ದೆವು. ಅಂಗಳ ಅಡಿಕೆಗೆ ಬೇಕು ಅಂತ ಕಾರುಗಳನ್ನೆಲ್ಲ ದಣಪೆಯ ಹೊರಗೆ ಇಳಿಜಾರಿನಲ್ಲಿ ನಿಲ್ಲಿಸಿದ್ದೆವು. ಒಂದು ನನ್ನದು, ಬೆಂಗಳೂರಿನದು. ಇನ್ನೊಂದು ಹುಬ್ಬಳ್ಳಿಯಿಂದ ಬಂದ ಷಡ್ಡಕನದು. ಮೂರನೆಯದು ಮಾವನದೇ, ಪೇಟೆಗೆ ಬಿಟ್ಟರೆ ಬೇರೆಲ್ಲಿಗೂ ಹೋಗದ ಕಾರು.

ಊಟ ಮುಗಿಸಿ ಎಲೆ ಅಡಿಕೆ ಹಾಕುತ್ತಾ ಮಾವ ಕೇಳಿದರು, “ಕಳೆದ ಸಲ ಫುಲ್ ಸಿಂಥೆಟಿಕ್ ಹಾಕಿಸಿದ್ದೆ ಮಾರಾಯ. ಎರಡು ವರ್ಷ ಆಯ್ತು. ಓಡಿದ್ದು 4,500 ಕಿಲೋಮೀಟರ್ ಅಷ್ಟೇ. ಇನ್ನೂ ಅಷ್ಟೇ ಓಡಿಸಬಹುದು ಅಲ್ವಾ?” ಕಚ್ಚಾ ತೈಲವನ್ನು ಸೋಸಿ ತೆಗೆದದ್ದು ಮಿನರಲ್ ಆಯಿಲ್, ಕಾರ್ಖಾನೆಯಲ್ಲಿ ರಾಸಾಯನಿಕವಾಗಿ ತಯಾರಿಸಿದ ದುಬಾರಿ ಆಯಿಲ್ ಸಿಂಥೆಟಿಕ್.

ಷಡ್ಡಕನದು ಇದಕ್ಕೆ ಉಲ್ಟಾ ಗೋಳು. ಅವನು ಔಷಧ ಕಂಪನಿಯ ಕೆಲಸಕ್ಕೆ ತಿಂಗಳಿಗೆ 3,000 ಕಿಲೋಮೀಟರ್ ಸುತ್ತುತ್ತಾನೆ. “ಮೂರ್ ತಿಂಗಳಿಗೊಮ್ಮೆ ಆಯಿಲ್ ಅಂದ್ರ ಹೆಂಗಪಾ? ಸಿಂಥೆಟಿಕ್ ಹಾಕ್ಸಿದ್ ಏನ್ ಬಂತು?” ಅಂದ.

ನಾನು ಮೆಕ್ಯಾನಿಕ್ ಅಲ್ಲ. ಒಂದು ಕಂಪನಿಯಲ್ಲಿ ಲೆಕ್ಕಪತ್ರ ನೋಡುವವನು. ಆದರೆ 2019ರಲ್ಲಿ ಕಾರು ತೆಗೆದುಕೊಂಡಾಗಿನಿಂದ ಅದರ ಹೊಟ್ಟೆಗೆ ಹೋದದ್ದು, ಹೊರಗೆ ಬಂದದ್ದು ಎರಡನ್ನೂ ಬರೆದಿಟ್ಟಿದ್ದೇನೆ. ಹಾಗಾಗಿ ಮನೆಯಲ್ಲಿ ಈ ಪ್ರಶ್ನೆಗಳೆಲ್ಲ ನನ್ನ ತಲೆಗೇ ಬರುತ್ತವೆ.

ಅವಸರದಲ್ಲಿರುವವರಿಗೆ ಮೊದಲೇ ಹೇಳಿಬಿಡುತ್ತೇನೆ. ನಮ್ಮಲ್ಲಿ ಮಾರುವ ಬಹುಪಾಲು ಕಾರುಗಳ ಮ್ಯಾನ್ಯುಯಲ್ಲಿನಲ್ಲಿ 10,000 ಕಿಲೋಮೀಟರ್ ಅಥವಾ 1 ವರ್ಷ, ಯಾವುದು ಮೊದಲೋ ಅದು ಅಂತ ಇರುತ್ತದೆ. ಕೆಲವು ಕಾರುಗಳಿಗೆ 15,000 ಕಿಲೋಮೀಟರ್ ಅಥವಾ 1 ವರ್ಷ. ಈ ಅಂಕಿಯನ್ನು ದಾಟಬೇಡಿ. ಸಿಟಿ ಟ್ರಾಫಿಕ್ಕಿನಲ್ಲೇ ಓಡಿಸುವವರು, ಇಲ್ಲವೇ ದಿನಾ ನಾಲ್ಕೈದು ಕಿಲೋಮೀಟರ್ ಮಾತ್ರ ಓಡಿಸುವವರು ಇದಕ್ಕಿಂತ ಬೇಗ ಬದಲಿಸಿ. ಎಷ್ಟು ಬೇಗ ಅನ್ನುವುದಕ್ಕೆ ಸ್ವಲ್ಪ ಲೆಕ್ಕ ಬೇಕು.

ಟ್ರ್ಯಾಕ್ಟರ್ ಕಲಿಸಿದ ಲೆಕ್ಕ

ನಮ್ಮೂರು ತಿಪಟೂರಿನ ಹತ್ತಿರ. ಮನೆಯಲ್ಲಿ ಟ್ರ್ಯಾಕ್ಟರ್ ಇತ್ತು. ಅದರ ಸರ್ವಿಸ್ ವಿಷಯ ಬಂದಾಗ ಯಾರೂ ಕಿಲೋಮೀಟರ್ ಮಾತಾಡಿದ್ದು ನಾನು ಕೇಳಿಲ್ಲ. ಎಲ್ಲರೂ ಕೇಳುತ್ತಿದ್ದದ್ದು “ಎಷ್ಟು ಗಂಟೆ ಆಯ್ತು?” ಅಂತ. ಮೀಟರಿನಲ್ಲಿ ಗಂಟೆ ನೋಡಿ ಆಯಿಲ್ ಇಳಿಸುತ್ತಿದ್ದರು. ಉಳುವಾಗ ಟ್ರ್ಯಾಕ್ಟರ್ ಹೆಚ್ಚು ದೂರ ಹೋಗುವುದಿಲ್ಲ, ಎಂಜಿನ್ ಮಾತ್ರ ಬೆಳಗಿನಿಂದ ಸಂಜೆವರೆಗೆ ಬಡಿದುಕೊಳ್ಳುತ್ತದೆ. ಆಯಿಲಿಗೆ ದೂರ ಗೊತ್ತಾಗುವುದಿಲ್ಲ, ಕೆಲಸ ಗೊತ್ತಾಗುತ್ತದೆ.

ನನ್ನ ಆಫೀಸಿನ ದಾರಿಯೂ ಉಳುಮೆಯ ಹಾಗೇ. ರಾಜಾಜಿನಗರದಿಂದ ಎಲೆಕ್ಟ್ರಾನಿಕ್ ಸಿಟಿ, ಸುಮಾರು 25 ಕಿಲೋಮೀಟರ್. ಒಂದೂವರೆ ಗಂಟೆ. ಮಳೆ ಬಂದರೆ ಎರಡು. ಕಾರಿನ ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ 17 ಅಂತ ಕೂತಿದೆ. ಆ ಲೆಕ್ಕದಲ್ಲಿ 10,000 ಕಿಲೋಮೀಟರ್ ಆಗುವಾಗ ನನ್ನ ಎಂಜಿನ್ ಹತ್ತಿರ ಹತ್ತಿರ 590 ಗಂಟೆ ಓಡಿರುತ್ತದೆ. ಷಡ್ಡಕ ಬೆಳಗಾವಿ, ಬಳ್ಳಾರಿ ಅಂತ ಹೈವೇಯಲ್ಲೇ ಇರುತ್ತಾನೆ. ಅವನ ಸರಾಸರಿ 55. ಅವನ 10,000 ಕಿಲೋಮೀಟರಿಗೆ 180 ಗಂಟೆ ಚಿಲ್ಲರೆ. ಅಂದರೆ ಓಡೋಮೀಟರ್ ಒಂದೇ ಅಂಕಿ ತೋರಿಸಿದರೂ ನನ್ನ ಆಯಿಲ್ ಅವನದಕ್ಕಿಂತ ಮೂರು ಪಟ್ಟು ಹೊತ್ತು ದುಡಿದಿದೆ. ಅದೂ ರೇಡಿಯೇಟರಿಗೆ ಸರಿಯಾಗಿ ಗಾಳಿಯೂ ಬೀಳದ ಸಿಗ್ನಲ್ಲುಗಳಲ್ಲಿ ನಿಂತು.

ನೀವೂ ಮಾಡಿ ನೋಡಿ. ಆಯಿಲ್ ಹಾಕಿಸಿದ ದಿನ ಟ್ರಿಪ್ ಮೀಟರನ್ನು ಸೊನ್ನೆ ಮಾಡಿ, ಆಮೇಲೆ ಮುಟ್ಟಬೇಡಿ. ಓಡಿದ ಕಿಲೋಮೀಟರನ್ನು ಸರಾಸರಿ ವೇಗದಿಂದ ಭಾಗಿಸಿದರೆ ಗಂಟೆ ಸಿಗುತ್ತದೆ. ಡಿಸ್‌ಪ್ಲೇಯಲ್ಲಿ ಸರಾಸರಿ ವೇಗ ತೋರಿಸದ ಕಾರಾದರೆ ಒಂದು ವಾರ ಮೊಬೈಲಿನಲ್ಲಿ ಸಮಯ ಬರೆದುಕೊಳ್ಳಿ, ಅಂದಾಜು ಸಿಕ್ಕೇ ಸಿಗುತ್ತದೆ.

ನಾನು ಇಟ್ಟುಕೊಂಡಿರುವ ಗಡಿ 400 ಗಂಟೆ. ಇದು ಯಾವ ಕಂಪನಿಯೂ ಬರೆದುಕೊಟ್ಟ ನಿಯಮ ಅಲ್ಲ, ನನ್ನ ಸ್ವಂತ ಅಂದಾಜು. 17ರ ವೇಗದಲ್ಲಿ 400 ಗಂಟೆ ಅಂದರೆ 6,800 ಕಿಲೋಮೀಟರ್. ನಾನು 7,000ಕ್ಕೆ ಇಳಿಸುತ್ತೇನೆ. ವಾರಕ್ಕೆ ಮೂರು ದಿನ ಆಫೀಸು ಇರುವುದರಿಂದ ಅಷ್ಟು ಓಡಲು ನನಗೆ ಎಂಟೊಂಬತ್ತು ತಿಂಗಳು ಬೇಕು.

ಮ್ಯಾನ್ಯುಯಲ್ಲಿನ ಆ ಇನ್ನೊಂದು ಪುಟ

ಸರ್ವಿಸ್ ಪಟ್ಟಿಯ ಮೊದಲ ಪುಟವನ್ನು ಎಲ್ಲರೂ ನೋಡುತ್ತಾರೆ. ಅದರ ಪಕ್ಕದಲ್ಲೋ ಕೆಳಗೋ ಸಣ್ಣ ಅಕ್ಷರದಲ್ಲಿ ‘ಸಿವಿಯರ್ ಕಂಡಿಶನ್’ ಅಂತ ಇನ್ನೊಂದು ಪಟ್ಟಿ ಇರುತ್ತದೆ. ಅದನ್ನು ಓದಿದರೆ ನಗು ಬರುತ್ತದೆ. ಪದೇ ಪದೇ ಕಡಿಮೆ ದೂರದ ಓಡಾಟ, ನಿಂತು ನಿಂತು ಹೋಗುವ ಟ್ರಾಫಿಕ್, ಎಂಜಿನ್ ಆನ್ ಇಟ್ಟು ತುಂಬಾ ಹೊತ್ತು ನಿಲ್ಲುವುದು, ಧೂಳಿನ ರಸ್ತೆ, ಘಾಟಿ, ಬಿಸಿಲು. ಇದರಲ್ಲಿ ಬೆಂಗಳೂರಿಗೆ ಅನ್ವಯಿಸದ್ದು ಘಾಟಿ ಒಂದೇ! ಇಂಥ ಓಡಾಟಕ್ಕೆ ಅನೇಕ ಕಂಪನಿಗಳು ಅಂತರವನ್ನು ಅರ್ಧಕ್ಕೆ ಇಳಿಸುತ್ತವೆ, 5,000 ಕಿಲೋಮೀಟರ್ ಅಥವಾ 6 ತಿಂಗಳು ಅಂತ. ಒಳ್ಳೆಯ ಸಿಂಥೆಟಿಕ್ ಹಾಕುತ್ತೇನೆ, ಹೈವೇಗೂ ಆಗಾಗ ಹೋಗುತ್ತೇನೆ ಅನ್ನುವ ಧೈರ್ಯದಲ್ಲಿ ನಾನು 7,000 ಇಟ್ಟುಕೊಂಡಿದ್ದೇನೆ. 5,000ಕ್ಕೇ ಬದಲಿಸುವವರನ್ನು ನೋಡಿ ನಗುವುದಿಲ್ಲ. ಮ್ಯಾನ್ಯುಯಲ್ ಅವರ ಪರವಾಗಿದೆ.

ವಾರಂಟಿ ಇರುವ ಕಾರಾದರೆ ಕಂಪನಿಯ ಸರ್ವಿಸನ್ನು ಅವರು ಹೇಳಿದ ಹೊತ್ತಿಗೆ ಮಾಡಿಸಲೇಬೇಕು. ಬೇಗ ಬದಲಿಸುವುದಿದ್ದರೆ ಅದು ನಡುವೆ ಇನ್ನೊಂದು ಸಲ, ಅಷ್ಟೇ. ಬಿಲ್ಲು ಜೋಪಾನ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯಿದೆ. “ಮಿನರಲ್ ಆಯಿಲ್ 5,000, ಸೆಮಿ ಸಿಂಥೆಟಿಕ್ 7,500, ಫುಲ್ ಸಿಂಥೆಟಿಕ್ 15,000” ಅಂತ ಅಂಗಡಿಯವರು ಮಗ್ಗಿ ಹೇಳಿದ ಹಾಗೆ ಹೇಳುತ್ತಾರೆ. ಇವತ್ತಿನ ಎಷ್ಟೋ ಕಾರುಗಳಿಗೆ ಕಂಪನಿ ಹೇಳುವ ಗ್ರೇಡೇ ಸಿಂಥೆಟಿಕ್. 0ಡಬ್ಲ್ಯು-20 ಅನ್ನುವ ತೀರಾ ತೆಳು ಗ್ರೇಡ್ ಬೇಕಾದ ಎಂಜಿನ್ನಿಗೆ ಮಿನರಲ್ ಆಯಿಲ್ ಸಿಗುವುದೂ ಇಲ್ಲ. ಅಂದರೆ ಆ 10,000 ಅನ್ನುವ ಅಂಕಿ ಸಿಂಥೆಟಿಕ್ಕನ್ನು ಲೆಕ್ಕಕ್ಕೆ ಹಿಡಿದೇ ಬರೆದದ್ದು. ಡಬ್ಬಿಯ ಮೇಲಿನ ಹೆಸರು ನೋಡಿ ಅದಕ್ಕೆ ಇನ್ನೊಂದು 5,000 ಸೇರಿಸುವುದು ಸಂಬಳದ ಮೇಲೆ ಮತ್ತೊಂದು ಸಂಬಳ ಕೇಳಿದ ಹಾಗೆ.

ಭಾವಮೈದ ಅಮೆರಿಕದಲ್ಲಿದ್ದಾನೆ. ಅವತ್ತೇ ವಿಡಿಯೊ ಕಾಲಿನಲ್ಲಿ “ನಾನು 10,000 ಮೈಲಿಗೊಮ್ಮೆ ಬದಲಿಸೋದು” ಅಂದ. ಮೈಲಿ! ಅಂದರೆ 16,000 ಕಿಲೋಮೀಟರ್. ಅವನದು ಟೊಯೋಟಾ, 0ಡಬ್ಲ್ಯು-20 ಸಿಂಥೆಟಿಕ್ ಹಾಕಿದರೆ ಅಲ್ಲಿ ಕಂಪನಿಯೇ ಅಷ್ಟು ಹೇಳುತ್ತದೆ. ಆದರೆ ಧೂಳಿನ ರಸ್ತೆ, ಚಳಿಯಲ್ಲಿ ಕಡಿಮೆ ದೂರದ ಓಡಾಟ ಅಂತಾದರೆ ಅದೇ ಕಂಪನಿ ಅಲ್ಲೂ 5,000 ಮೈಲಿ ಅನ್ನುತ್ತದೆ. ಅವನ ಫ್ರೀವೇ ಅಂಕಿಯನ್ನು ನಮ್ಮ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕಿಗೆ ತರಬೇಡಿ.

ಮಾವನ ಕಾರಿನ ಮುಚ್ಚಳ

ಮರುದಿನ ಬೆಳಿಗ್ಗೆ ಮಾವನ ಕಾರಿನ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದೆ. ಒಳಮೈಗೆ ಕೆನೆಯ ಹಾಗೆ ಬೆಳ್ಳಗೆ, ಸ್ವಲ್ಪ ಕಂದು ಬಣ್ಣದ ಲೋಳೆ ಅಂಟಿತ್ತು. ಬೆರಳಲ್ಲಿ ಬಳಿದರೆ ಗಟ್ಟಿ ಮಜ್ಜಿಗೆಗೆ ಕಾಫಿ ಕಲಸಿದ ಹಾಗೆ. ಮಾವನ ಮುಖ ಸಪ್ಪಗಾಯಿತು. “ಎಂಜಿನ್ ಹೋಯ್ತಾ?”

ಹೋಗಿರಲಿಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಮ್ಮಿ ಒಂದು ಲೀಟರ್ ನೀರು ಹುಟ್ಟುತ್ತದೆ. ಬೆಳಿಗ್ಗೆ ಕಾರು ಶುರು ಮಾಡಿದಾಗ ಸೈಲೆನ್ಸರ್ ತುದಿಯಲ್ಲಿ ತೊಟ್ಟಿಕ್ಕುವುದು ಅದೇ. ಬಹುಪಾಲು ಆವಿಯಾಗಿ ಹೊರಗೆ ಹೋಗುತ್ತದೆ. ಚೂರು ಪಿಸ್ಟನ್ ರಿಂಗ್ ಸಂದಿಯಿಂದ ಕೆಳಗಿಳಿದು ಆಯಿಲಿಗೆ ಸೇರುತ್ತದೆ, ಜೊತೆಗೆ ಉರಿಯದ ಪೆಟ್ರೋಲೂ. ಆಯಿಲ್ ಚೆನ್ನಾಗಿ ಬಿಸಿಯಾದರೆ ಇವೆರಡೂ ಆವಿಯಾಗಿ ಹೋಗುತ್ತವೆ. ಆದರೆ ಟೆಂಪರೇಚರ್ ಮುಳ್ಳು ನಡುವಿಗೆ ಬಂದ ತಕ್ಷಣ ಆಯಿಲ್ ಬಿಸಿಯಾಯಿತು ಅಂತಲ್ಲ. ಮುಳ್ಳು ತೋರಿಸುವುದು ಎಂಜಿನ್ ತಂಪು ಮಾಡುವ ಕೂಲಂಟಿನ ಬಿಸಿ. ಆಯಿಲ್ ಬಿಸಿಯಾಗಲು ಇನ್ನೂ ಹತ್ತು ಹದಿನೈದು ನಿಮಿಷ ಬೇಕು.

ಮಾವನ ಮನೆಯಿಂದ ಪೇಟೆಗೆ 3 ಕಿಲೋಮೀಟರ್. ಎಂಜಿನ್ ಮೈ ಬಿಸಿ ಮಾಡಿಕೊಳ್ಳುವ ಮೊದಲೇ ಸೊಸೈಟಿ ಮುಂದೆ ಕಾರು ನಿಂತಿರುತ್ತದೆ. ಅದರ ಮೇಲೆ ಆಗುಂಬೆ ಕಡೆಯ ನಾಲ್ಕು ತಿಂಗಳ ಮಳೆ, ಒಣಗದ ಗಾಳಿ. ಎರಡು ವರ್ಷ ಹೀಗೇ ನಡೆದರೆ ಆಯಿಲಿನಲ್ಲಿ ನೀರು, ಆಮ್ಲ ಎರಡೂ ಕೂಡಿಕೊಳ್ಳುತ್ತವೆ. ಆ ಆಮ್ಲವನ್ನು ಕೊಲ್ಲಲೆಂದು ಆಯಿಲಿನಲ್ಲಿ ಹಾಕಿರುವ ರಾಸಾಯನಿಕ ಖರ್ಚಾಗುತ್ತಾ ಹೋಗುತ್ತದೆ. ಸಿಂಥೆಟಿಕ್ ಆಗಲಿ ಯಾವುದೇ ಆಗಲಿ, ಅದು ಮುಗಿದರೆ ಮುಗಿಯಿತು. ‘ಯಾವುದು ಮೊದಲೋ ಅದು’ ಅಂತ ತಿಂಗಳ ಲೆಕ್ಕವನ್ನೂ ಬರೆದಿರುವುದು ಇದಕ್ಕೇ. ಕಡಿಮೆ ಓಡುವ ಕಾರು ಆಯಿಲಿಗೆ ವಿಶ್ರಾಂತಿ ಕೊಡುತ್ತದೆ ಅನ್ನುವುದು ನಮ್ಮ ಭ್ರಮೆ.

ಮಾವನಿಗೆ ಹೇಳಿದ್ದು ಇಷ್ಟು. ಎಷ್ಟೇ ಕಡಿಮೆ ಓಡಲಿ, ವರ್ಷಕ್ಕೊಮ್ಮೆ ಆಯಿಲ್ ಬದಲಿಸಿ. ಅದೂ ಮಳೆಗಾಲ ಕಳೆದ ಮೇಲೆ, ದೀಪಾವಳಿ ಹೊತ್ತಿಗೆ. ಮಳೆಯ ತೇವವನ್ನು ಹೊತ್ತ ಆಯಿಲನ್ನು ಮುಂದಿನ ಮಳೆಗಾಲದವರೆಗೆ ಇಟ್ಟುಕೊಳ್ಳುವುದು ಯಾಕೆ? ಆದರೆ ವರ್ಷಕ್ಕೊಂದು ಸಲ ಸಾಕಾಗಬೇಕಾದರೆ ವಾರಕ್ಕೊಂದು ಸಲ ಅತ್ತೆಯನ್ನು ಕೂರಿಸಿಕೊಂಡು ಆಗುಂಬೆ ಕಡೆ ಅರ್ಧ ಮುಕ್ಕಾಲು ಗಂಟೆ ಸುತ್ತಿ ಬನ್ನಿ, ಇಲ್ಲದಿದ್ದರೆ ಆರು ತಿಂಗಳಿಗೇ ಬದಲಿಸಬೇಕು. ಸುಮ್ನೆ ಮನೆ ಮುಂದೆ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಏನೂ ಸಿಗುವುದಿಲ್ಲ, ನೀರು ಇನ್ನಷ್ಟು ಸೇರುತ್ತದೆ.

ಒಂದು ಎಚ್ಚರಿಕೆ. ಮುಚ್ಚಳದಲ್ಲಿ ಲೋಳೆ ಇದ್ದು, ಆಯಿಲ್ ಮಟ್ಟ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ಕಿನಲ್ಲಿ ಬರುವ ಆಯಿಲ್ ಮಾಮೂಲಿ ಬಣ್ಣದ್ದಾಗಿದ್ದರೆ ಗಾಬರಿ ಬೇಡ. ಡಿಪ್‌ಸ್ಟಿಕ್ಕಿನಲ್ಲೂ ಮಜ್ಜಿಗೆ ಬಣ್ಣ ಬಂದರೆ, ಅಥವಾ ಕೂಲಂಟ್ ಕಡಿಮೆಯಾಗುತ್ತಿದ್ದರೆ ಆಯಿಲ್, ಕೂಲಂಟ್ ಬೆರೆಯದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ನೋಡಿಸಬೇಕು. ಅಂಥ ಕಾರನ್ನು ಓಡಿಸಿಕೊಂಡು ಹೋಗಬೇಡಿ.

ಷಡ್ಡಕನ ಡೀಸೆಲ್

ಹೈವೇ ಕಾರಿನ ಆಯಿಲಿಗೆ ನಿಜಕ್ಕೂ ಸುಖ. ಹಾಗಂತ ಅವನು 15,000, 20,000 ಓಡಿಸಲಿ ಅಂತ ನಾನು ಹೇಳಲಿಲ್ಲ. ಅವನ ಮ್ಯಾನ್ಯುಯಲ್ 10,000 ಅನ್ನುತ್ತದೆ, ಕಾರು ವಾರಂಟಿಯಲ್ಲಿದೆ, ಡೀಸೆಲ್ ಎಂಜಿನ್ ಆಯಿಲಿಗೆ ಮಸಿ ತುಂಬುತ್ತದೆ. ಸರ್ವಿಸಿನಲ್ಲಿ ಮೂರ್ನಾಲ್ಕು ಸಾವಿರ ರೂಪಾಯಿ ಉಳಿಸಲು ಹೋಗಿ ವಾರಂಟಿ ಕಳೆದುಕೊಳ್ಳುವುದು ಯಾವ ಲೆಕ್ಕದಲ್ಲೂ ಲಾಭ ಅಲ್ಲ.

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 (ಹೊಗೆ ಮಾಲಿನ್ಯದ ನಿಯಮ) ಡೀಸೆಲ್ ಕಾರುಗಳಲ್ಲಿ ಸಾಮಾನ್ಯವಾಗಿ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಇರುತ್ತದೆ. ಅದಕ್ಕೆ ಬೂದಿ ಕಡಿಮೆ ಬಿಡುವ ಆಯಿಲೇ ಬೇಕು. ಮ್ಯಾನ್ಯುಯಲ್ ‘ಎಸಿಇಎ ಸಿ2’ ಅಥವಾ ‘ಸಿ3’ ಅನ್ನುವ ಯುರೋಪಿನ ದರ್ಜೆ ಕೇಳಿದರೆ ಡಬ್ಬಿಯ ಮೇಲೆ ಅದೇ ಇರಬೇಕು. ಈ ಫಿಲ್ಟರ್ ತನ್ನ ಮಸಿಯನ್ನು ಆಗಾಗ ತಾನೇ ಸುಟ್ಟುಕೊಳ್ಳುತ್ತದೆ, ಅದಕ್ಕೆ ಎಂಜಿನ್ ಸ್ವಲ್ಪ ಜಾಸ್ತಿ ಡೀಸೆಲ್ ಚಿಮ್ಮಿಸುತ್ತದೆ. ಹೈವೇಯಲ್ಲಿ ಇದು ಸಲೀಸಾಗಿ ಮುಗಿಯುತ್ತದೆ. ಸಿಟಿಯಲ್ಲಿ ಅರ್ಧಕ್ಕೇ ಎಂಜಿನ್ ಆಫ್ ಮಾಡುತ್ತೇವೆ, ಹಾಗಾಗಿ ಮತ್ತೆ ಮತ್ತೆ ಶುರುವಾಗುತ್ತದೆ. ಆ ಡೀಸೆಲ್ ಸ್ವಲ್ಪ ಸ್ವಲ್ಪವೇ ಆಯಿಲಿಗೆ ಇಳಿಯುತ್ತದೆ. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಬ್ಬರು “ನನ್ನ ಕಾರು ಆಯಿಲ್ ಕುಡಿಯೋದೇ ಇಲ್ಲ, ಮಟ್ಟ ಏರ್ತಾ ಇದೆ” ಅಂತ ಹೆಮ್ಮೆಯಿಂದ ಹೇಳಿದ್ದರು. ಮಟ್ಟ ಏರುವುದು ಒಳ್ಳೆಯ ಸುದ್ದಿ ಅಲ್ಲ. ಗರಿಷ್ಠ ಗುರುತು ದಾಟಿದ್ದರೆ ಕಿಲೋಮೀಟರ್ ನೋಡದೆ ಬದಲಿಸಿ.

ಟರ್ಬೊ ಪೆಟ್ರೋಲಿನವರೂ ಸ್ವಲ್ಪ ಬೇಗವೇ ಇರಲಿ. ಟರ್ಬೊ ಬೇರಿಂಗಿಗೆ ತಂಪು ಕೊಡುವುದೂ ಇದೇ ಆಯಿಲ್, ಅಲ್ಲಿನ ಬಿಸಿ ಜೋರು.

ಡಿಪ್‌ಸ್ಟಿಕ್, ಡಬ್ಬಿ, ಗ್ಯಾರೇಜು

ನಾವು ಆಯುಧಪೂಜೆಗೆ ಕಾರು ತೊಳೆದು, ಹಾರ ಹಾಕಿ, ಕುಂಬಳಕಾಯಿ ಒಡೆಯುತ್ತೇವೆ. ಡಿಪ್‌ಸ್ಟಿಕ್ ಎಳೆದು ನೋಡುವವರು ಎಷ್ಟು ಜನ? ತಿಂಗಳಿಗೊಮ್ಮೆ ನೋಡಿ. ಸಮತಟ್ಟಾದ ಜಾಗ, ಓಡಿಸಿ ಬಂದ ಬಿಸಿ ಎಂಜಿನ್. ಆಫ್ ಮಾಡಿ ಐದು ಹತ್ತು ನಿಮಿಷ ಬಿಡಿ, ಆಯಿಲ್ ಕೆಳಗಿಳಿಯಲಿ. ಕಡ್ಡಿ ಎಳೆದು ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಳಗೆ ಹಾಕಿ, ಮತ್ತೆ ಎಳೆದು ಓದಿ. ಎರಡು ಗುರುತಿನ ನಡುವೆ ಇರಬೇಕು, ಮೇಲಿನದಕ್ಕೆ ಹತ್ತಿರ ಇದ್ದರೆ ಸಂತೋಷ. ಹೊಸ ಎಂಜಿನ್ನೂ ಸ್ವಲ್ಪ ಆಯಿಲ್ ತಿನ್ನುತ್ತದೆ. ಕಡಿಮೆಯಾದರೆ ಅದೇ ಗ್ರೇಡಿನ ಆಯಿಲನ್ನು 200 ಮಿಲಿಲೀಟರಿನಷ್ಟು ಹಾಕಿ ಮತ್ತೆ ಅಳೆಯಿರಿ.

ಬಣ್ಣ ನೋಡಿ ತೀರ್ಮಾನ ಮಾಡಬೇಡಿ. ಒಳಗಿನ ಕೊಳೆಯನ್ನು ತೊಳೆದು ತನ್ನಲ್ಲೇ ಹಿಡಿದಿಡುವುದು ಆಯಿಲಿನ ಕೆಲಸ, ಕಪ್ಪಾಗುವುದು ಅದಕ್ಕೇ. ಡೀಸೆಲ್ಲಿನಲ್ಲಂತೂ ಹಾಕಿದ ವಾರದಲ್ಲೇ ಕಪ್ಪು. ಆದರೆ ಕಡ್ಡಿ ಮೂಸಿದಾಗ ಪೆಟ್ರೋಲ್ ವಾಸನೆ ಘಾಟಾಗಿ ಹೊಡೆದರೆ ಬದಲಿಸುವ ಹೊತ್ತಾಯಿತು. ಇನ್ನು ಡ್ಯಾಶ್‌ಬೋರ್ಡಿನಲ್ಲಿ ಕೆಂಪಗೆ ಉರಿಯುವ ಎಣ್ಣೆ ಗಿಂಡಿಯ ದೀಪ ‘ಸರ್ವಿಸ್ ಮಾಡಿಸಿ’ ಅನ್ನುವ ನೆನಪೋಲೆ ಅಲ್ಲ. ಆಯಿಲ್ ಪ್ರೆಶರ್ ಇಲ್ಲ ಅಂತ ಅರ್ಥ. ಪಕ್ಕಕ್ಕೆ ನಿಲ್ಲಿಸಿ, ಎಂಜಿನ್ ಆಫ್ ಮಾಡಿ, ಟೋ ಗಾಡಿ ಕರೆಯಿರಿ.

ಗ್ರೇಡಿನ ವಿಷಯದಲ್ಲಿ ಮ್ಯಾನ್ಯುಯಲ್ ಹೇಳಿದ್ದೇ ಸರಿ. “ನಮ್ ಬಿಸಿಲಿಗೆ ಅಷ್ಟು ತೆಳು ಆಯಿಲ್ ತಡೆಯಲ್ಲ ಸಾರ್, 20ಡಬ್ಲ್ಯು-50 ಹಾಕೋಣ” ಅಂತ ಹಳೇ ಮೇಸ್ತ್ರಿಗಳು ಹೇಳುತ್ತಾರೆ. ಹಳೇ ಅಂಬಾಸಡರಿಗೆ ಆ ಮಾತು ಸರಿ. ಈಗಿನ ಎಂಜಿನ್ನಿನ ಸಂದುಗಳು ಸಣ್ಣವು, ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ಮೇಲಿನವರೆಗೆ ಓಡಬೇಕು. ಪೆಟ್ರೋಲ್ ಕಾರಾದರೆ ‘ಎಪಿಐ ಎಸ್‌ಪಿ’ ಅಂತ ಇರುವ ಡಬ್ಬಿ ನೋಡಿ. ಅದು 2020ರಲ್ಲಿ ಬಂದ ದರ್ಜೆ, ಹಿಂದಿನ ಎಸ್‌ಎನ್ ಕೇಳುವ ಕಾರಿಗೂ ಆಗುತ್ತದೆ.

ಗ್ಯಾರೇಜಿನಲ್ಲಿ ಪಕ್ಕದಲ್ಲೇ ನಿಲ್ಲಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ನನ್ನ ಎಂಜಿನ್ನಿಗೆ ಫಿಲ್ಟರ್ ಸೇರಿ 3.1 ಲೀಟರ್ ಸಾಕು. ಒಂದು ಸಲ ಡಬ್ಬಿ ಕೊಟ್ಟು ಕಾಫಿ ಕುಡಿಯಲು ಹೋದೆ. ಬರುವಷ್ಟರಲ್ಲಿ ಹುಡುಗ 3.5 ಲೀಟರ್ ಡಬ್ಬಿಯನ್ನು ಪೂರ್ತಿ ಬೋರಲು ಹಾಕಿದ್ದ. “ದುಡ್ಡು ಕೊಟ್ಟಿದ್ದೀರಲ್ಲ ಸಾರ್, ಯಾಕೆ ಉಳಿಸೋದು?” ಅಂದ. ಪ್ರೀತಿಯಿಂದಲೇ ಮಾಡಿದ್ದು, ಜಗಳ ಆಡಲೂ ಆಗಲಿಲ್ಲ. ಆದರೆ ಜಾಸ್ತಿ ಆಯಿಲ್ ಇದ್ದರೆ ಎಂಜಿನ್ನಿನೊಳಗೆ ತಿರುಗುವ ಕ್ರ್ಯಾಂಕ್ ಅದನ್ನು ಮಜ್ಜಿಗೆ ಕಡೆದ ಹಾಗೆ ಕಡೆದು ನೊರೆ ಎಬ್ಬಿಸುತ್ತದೆ. ನೊರೆಗೆ ಲೋಹದ ಮೇಲೆ ಪದರ ಕಟ್ಟುವ ಶಕ್ತಿ ಇಲ್ಲ. ಮತ್ತೆ ಡ್ರೈನ್ ಬೋಲ್ಟ್ ಸಡಿಲಿಸಿ 400 ಮಿಲಿಲೀಟರ್ ಇಳಿಸಿದೆವು.

ಈಗ ನನ್ನ ಕ್ರಮ ಹೀಗಿದೆ. ಜೆ.ಸಿ. ರಸ್ತೆಯಲ್ಲಿ ಕಂಪನಿಯ ಫಿಲ್ಟರ್ ತರುತ್ತೇನೆ, ಜೊತೆಗೆ ಡ್ರೈನ್ ಬೋಲ್ಟಿನ ಹೊಸ ವಾಷರ್. ಆಯಿಲ್ ಬದಲಿಸಿದಾಗಲೆಲ್ಲ ಫಿಲ್ಟರೂ ಬದಲು, ಅದರಲ್ಲಿ ಜಿಪುಣತನ ಇಲ್ಲ. ಡಬ್ಬಿಯ ಸೀಲ್ ನನ್ನ ಮುಂದೆ ಒಡೆಯಬೇಕು. ಎಂಜಿನ್ ಬೆಚ್ಚಗಿರುವಾಗ ಇಳಿಸಿದರೆ ಕೊಳೆಯೂ ಜೊತೆಗೆ ಬರುತ್ತದೆ, ಕೈ ಸುಡುವಷ್ಟು ಬಿಸಿ ಬೇಡ. ಮೂರು ಲೀಟರ್ ಹಾಕಿ, ಒಂದು ನಿಮಿಷ ಓಡಿಸಿ, ಆಫ್ ಮಾಡಿ, ಕಡ್ಡಿ ನೋಡಿ, ಉಳಿದದ್ದನ್ನು ತುಂಬುವುದು. ಹೋದ ಸಲ ಡಬ್ಬಿಗೆ 2,400, ಫಿಲ್ಟರಿಗೆ 120, ಕೂಲಿ 300 ರೂಪಾಯಿ ಆಯಿತು. ಎಂಜಿನ್ ಫ್ಲಶ್, ಮೇಲಿಂದ ಹಾಕುವ ಬಾಟಲಿ ಅಂತ ಬಿಲ್ಲಿಗೆ ಇನ್ನೊಂದು 800 ಸೇರಿಸಲು ನೋಡುತ್ತಾರೆ. ಹೊತ್ತಿಗೆ ಸರಿಯಾಗಿ ಆಯಿಲ್ ಬದಲಿಸುವವರಿಗೆ ಅದರ ಅಗತ್ಯ ಇಲ್ಲ.

ಖಾಲಿ ಡಬ್ಬಿಗೆ ಸ್ಕ್ರೂಡ್ರೈವರಿನಲ್ಲಿ ಎರಡು ತೂತು ಮಾಡಿ ಬಿಸಾಡಿ, ನಕಲಿ ಆಯಿಲ್ ತುಂಬುವವರ ಕೈಗೆ ಹೋಗಬಾರದು. ಹಳೇ ಆಯಿಲನ್ನು ಗ್ಯಾರೇಜಿನವರ ಡ್ರಮ್ಮಿಗೇ ಬಿಡಿ. ಊರಲ್ಲಿ ಗೆದ್ದಲು ಹತ್ತದಿರಲಿ ಅಂತ ಬೇಲಿ ಕಂಬಕ್ಕೆ ಬಳಿಯುವುದನ್ನು ನೋಡಿದ್ದೇನೆ, ನಾನೂ ಚಿಕ್ಕವನಿದ್ದಾಗ ಬಳಿದಿದ್ದೇನೆ. ಮಳೆಗೆ ತೊಳೆದು ಬಾವಿ ಕಡೆಗೇ ಹೋಗುತ್ತದೆ ಅಂತ ಆಗ ಹೊಳೆದಿರಲಿಲ್ಲ.

ಮಾವ ಮಾತು ಕೇಳಿ ಆ ವಾರವೇ ಆಯಿಲ್ ಬದಲಿಸಿದರು. ಮೊನ್ನೆ ವಾಟ್ಸ್ಆ್ಯಪಿನಲ್ಲಿ ಡಿಪ್‌ಸ್ಟಿಕ್ಕಿನ ಫೋಟೋ ಬಂತು, ಆಯಿಲ್ ಕೆಳಗಿನ ಗುರುತಿಗೂ ಕೆಳಗೆ. ಫೋನ್ ಮಾಡಿ ಕಾರು ಎಲ್ಲಿ ನಿಂತಿದೆ ಅಂತ ಕೇಳಿದೆ. ದಣಪೆ ಹತ್ತಿರ, ಇಳಿಜಾರಿನಲ್ಲಿ. ಸಮತಟ್ಟಾದ ಜಾಗದಲ್ಲಿ ನೋಡಬೇಕು ಅಂದೆ. “ಮಲೆನಾಡಲ್ಲಿ ಸಮತಟ್ಟು ಎಲ್ಲಿ ಹುಡುಕಲಿ ಮಾರಾಯ?” ಅಂದರು. ಆಗುಂಬೆ ಸುತ್ತಿ ಬರುವಾಗ ಪೆಟ್ರೋಲ್ ಬಂಕಿನಲ್ಲಿ ಬದಿಗೆ ನಿಲ್ಲಿಸಿ ಹತ್ತು ನಿಮಿಷ ಬಿಟ್ಟು ನೋಡಿ ಅಂದೆ. ಅಷ್ಟು ಹೊತ್ತಿಗೆ ಎಂಜಿನ್ನೂ ಸರಿಯಾಗಿ ಬಿಸಿಯಾಗಿರುತ್ತದೆ.